ಅಳತೆ ಮೇಷ್ಟ್ರ ಇಪ್ಪತ್ತು ನಿಮಿಷ

ಅಳತೆ ಮೇಷ್ಟ್ರ ಹೆಸರು ಹೊಲಿಗೆಯಮ್ಮನ ಕಿವಿಗೆ ಮೊದಲು ಬಿದ್ದದ್ದು ಬೈಗುಳದ ಜೊತೆಗೇ. ಆವತ್ತು ಅವಳು ಫೋಮ್ ಅಂಗಡಿಗೆ ಹೋಗಿದ್ದಳು. ಯಾರದೋ ಸೋಫಾಕ್ಕೆ ಮೂರು ಇಂಚಿನ ಹಾಳೆ ಬೇಕಿತ್ತು. ಅಂಗಡಿಯವನು ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ಅವನ ಮುಂದೆ ಕತ್ತರಿಸಿದ ಫೋಮ್ ತುಂಡುಗಳ ರಾಶಿ.

“ನಾಲ್ಕನೇ ಸಲ ವಾಪಸ್ ತಂದು ಸುರಿದು ಹೋಗಿದ್ದಾನಮ್ಮಾ, ಆ ಅಳತೆ ಮೇಷ್ಟ್ರು. ಗಟ್ಟಿ ಬೇಕು ಅಂದ, ಕೊಟ್ಟೆ. ಮೆತ್ತಗೆ ಬೇಕು ಅಂದ, ಕೊಟ್ಟೆ. ಈಗ ಗಟ್ಟಿಯಾಗೂ ಇರಬೇಕು, ಮೆತ್ತಗೂ ಇರಬೇಕಂತೆ.”

“ಯಾತಕ್ಕಂತೆ?”

“ದೋಣಿಗಂತೆ. ಕಾಲು ಸ್ವಾಧೀನ ಇಲ್ಲದವರನ್ನ ಕೂರಿಸಿ ಹುಟ್ಟು ಹಾಕಿಸ್ತಾನಂತೆ. ‘ಕೂತವರಿಗೆ ಏನೂ ಗೊತ್ತಾಗಲ್ಲ ಮಾರಾಯಾ, ಅದಕ್ಕೇ ಸೀಟಿಗೆ ಗೊತ್ತಿರಬೇಕು’ ಅಂತಾನೆ. ಸೀಟಿಗೆ ಏನು ಗೊತ್ತಿರುತ್ತೆ ಹೇಳಿ? ನನಗೇ ಏನೂ ಗೊತ್ತಾಗ್ತಿಲ್ಲ!”

ಹೊಲಿಗೆಯಮ್ಮ ನಕ್ಕು ತನ್ನ ಹಾಳೆಯನ್ನು ಸುತ್ತಿಕೊಂಡು ಬಂದಳು. ಊರಲ್ಲಿ ತಲೆ ಕೆಟ್ಟವರಿಗೇನು ಬರವೇ ಎಂದುಕೊಂಡಳು, ಅಷ್ಟೇ. ಮೂರನೆಯ ದಿನ ಆ ಮನುಷ್ಯ ಅವಳ ಬಾಗಿಲಲ್ಲೇ ನಿಂತಿದ್ದರು. ತೆಳ್ಳಗೆ, ಉದ್ದಕ್ಕೆ, ಅರವತ್ತು ದಾಟಿದ ಆಳು. ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು, ಬೆರಳ ಸಂದಿಗಳಲ್ಲಿ ಒಣಗಿದ ಅಂಟು. ನಮಸ್ಕಾರ ಇಲ್ಲ, ಏನಿಲ್ಲ. ಕುಕ್ಕರಗಾಲಲ್ಲಿ ಕೂತು ಅವಳ ಹೊಸಿಲನ್ನು ಅಳೆದರು.

“ಆರೂವರೆ ಇಂಚು,” ಎಂದರು.

“ಮನೆ ಮಾರೋಕಿಲ್ಲ,” ಎಂದಳು ಹೊಲಿಗೆಯಮ್ಮ.

“ಮನೆ ಯಾರಿಗೆ ಬೇಕು ಅಕ್ಕಾ? ಇದಕ್ಕೆ ವೀಲ್‌ಚೇರ್ ಹತ್ತಲ್ಲ. ಒಂದು ಇಳಿಜಾರು ಹಲಗೆ ಮಾಡಿಕೊಡ್ತೀನಿ.”

“ನನ್ನ ಮನೆಗೆ ವೀಲ್‌ಚೇರ್ ಯಾಕೆ ಬರುತ್ತೆ?”

“ನಾನು ಕರ್ಕೊಂಡು ಬರ್ತೀನಲ್ಲ, ಅದಕ್ಕೆ.”

ಒಳಗಿನಿಂದ ಸೊಸೆ ಕೂಗಿದಳು, “ಯಾರು ಅತ್ತೆ ಅದು?”

“ಗೊತ್ತಿಲ್ಲಮ್ಮಾ. ಹೊಸಿಲು ಅಳೆಯೋರು.”

ಹೊಲಿಗೆಯಮ್ಮ ಓದಿದ್ದು ಎರಡನೇ ತರಗತಿ. ಟೇಪಿನ ಮೇಲಿನ ಅಂಕಿ ಓದಲು ಬರುತ್ತಿತ್ತು, ಬರೆದಿಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಒಮ್ಮೆ ಕಂಡ ಅಳತೆ ಅವಳ ತಲೆಯಿಂದ ಹೋಗುತ್ತಿರಲಿಲ್ಲ. ಗಂಡ ಬಸ್ಸಿನ ಸೀಟು, ಸಿನಿಮಾ ಮಂದಿರದ ಕುರ್ಚಿಗಳಿಗೆ ಹೊದಿಕೆ ಹೊಲಿಯುತ್ತಿದ್ದ. ಅವನ ಪಕ್ಕದಲ್ಲಿ ಕೂತು ದಾರ ಪೋಣಿಸುತ್ತಾ ಕಲಿತ ಕೆಲಸ, ಅವನು ಹೋದ ಮೇಲೆ ಅವಳ ಅನ್ನವಾಯಿತು. ರಸ್ತೆ ಕಡೆಯ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಉದ್ದ ಮೇಜು, ಗೋಡೆಗೆ ತೂಗುಹಾಕಿದ ಕತ್ತರಿಗಳು. ಆ ಕೋಣೆಯಿಂದ ಸುಕ್ಕುಬಿದ್ದ ಹೊದಿಕೆ ಹೊರಗೆ ಹೋದದ್ದಿಲ್ಲ ಎಂದು ಅವಳಿಗೆ ಹೆಮ್ಮೆ. ಆ ಹೆಮ್ಮೆಯೇ ಮುಂದೆ ಅವಳಿಗೆ ಮುಳುವಾಯಿತು.

ಮೇಷ್ಟ್ರು ಆವತ್ತು ಕೇಳಿದ್ದು ಎದೆಗೆ ಕಟ್ಟುವ ಪಟ್ಟಿ. ಸೊಂಟಕ್ಕೊಂದು, ಎದೆಗೊಂದು, ಮೊಣಕಾಲಿಗೊಂದು. ಮೂರೂ ಗಟ್ಟಿಯಾಗಿ ಹಿಡಿಯಬೇಕು, ಆದರೆ ಒಂದೇ ಕುಣಿಕೆ ಎಳೆದರೆ ಮೂರೂ ಚರ್ರನೆ ಬಿಚ್ಚಿಕೊಳ್ಳಬೇಕು.

“ನಲವತ್ತು ವರ್ಷದಿಂದ ಬಿಚ್ಚಬಾರದು ಅಂತ ಹೊಲೀತಿದ್ದೀನಿ ಮೇಷ್ಟ್ರೇ. ಬಿಚ್ಚೋ ಹಾಗೆ ಹೊಲಿ ಅಂದವರು ನೀವೇ ಮೊದಲು.”

“ದೋಣಿ ಮಗುಚಿದ್ರೆ ಗೊತ್ತಾಗುತ್ತೆ ಯಾಕೆ ಅಂತ. ನೀರೊಳಗೆ ತಲೆಕೆಳಗಾದವರಿಗೆ ಗಂಟು ಹುಡುಕೋಕೆ ಪುರುಸೊತ್ತು ಇರುತ್ತಾ?”

ಪಟ್ಟಿ ತಯಾರಾದ ದಿನ ಅವಳನ್ನು ನದಿಯ ದಡದ ದೋಣಿ ಕ್ಲಬ್ಬಿನ ಶೆಡ್ಡಿಗೆ ಕರೆದುಕೊಂಡು ಹೋದರು. ಉದ್ದದ ತಗಡಿನ ಶೆಡ್ಡು. ಗೋಡೆಯುದ್ದಕ್ಕೂ ಕಬ್ಬಿಣದ ಕೈಗಳ ಮೇಲೆ ಮಲಗಿಸಿದ ಓಟದ ದೋಣಿಗಳು. ಒಬ್ಬ ಮನುಷ್ಯನ ಸೊಂಟಕ್ಕಿಂತ ಸ್ವಲ್ಪವೇ ಅಗಲ, ಎರಡು ಕೋಣೆಯಷ್ಟು ಉದ್ದ. ವಾರ್ನಿಷಿನ ವಾಸನೆ ಗಂಟಲಿಗೆ ಹಿಡಿಯುತ್ತಿತ್ತು. ಮೇಷ್ಟ್ರು ಹದಿನೈದನೇ ವಯಸ್ಸಿಗೆ ಗುಡಿಸುವ ಕೆಲಸಕ್ಕೆಂದು ಬಂದವರು, ಬಡಗಿಯಾಗಿ, ಆಮೇಲೆ ದೋಣಿ ಕಟ್ಟುವವರಾಗಿ ಅಲ್ಲೇ ಉಳಿದುಬಿಟ್ಟಿದ್ದರು. ಶಾಲೆಯಲ್ಲಿ ಯಾರಿಗೂ ಪಾಠ ಹೇಳಿದವರಲ್ಲ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಲಗೆ ಬಿಸಾಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, “ಅಳತೆ ಹೊಂದಲಿಲ್ಲ” ಎನ್ನುವರು.

ಓಟದ ದೋಣಿಯಲ್ಲಿ ಹುಟ್ಟು ಹಾಕುವುದು ತೋಳಲ್ಲ, ಕಾಲು ಎಂದು ಅವರು ಅವಳಿಗೆ ತೋರಿಸಿಕೊಟ್ಟರು. ಸೀಟಿಗೆ ಚಿಕ್ಕ ಗಾಲಿಗಳಿರುತ್ತವೆ. ಕಾಲಿನಿಂದ ಒದ್ದಾಗ ಸೀಟು ಹಿಂದಕ್ಕೆ ಸರಿಯುತ್ತದೆ, ಆ ಬಲವೇ ದೋಣಿಯನ್ನು ಓಡಿಸುತ್ತದೆ. ಕಾಲಿಲ್ಲದವರಿಗೆ ಆ ಸೀಟು ಜಾರುಬಂಡೆ. ಅದಕ್ಕೆ ಅವರು ಗಾಲಿಗಳನ್ನು ಕಿತ್ತು, ಸೀಟನ್ನು ಒಂದೇ ಕಡೆ ಭದ್ರಪಡಿಸಿ, ಬೆನ್ನಿಗೊಂದು ಆಸರೆ ಕಟ್ಟಿದ್ದರು. ದೋಣಿ ವಾಲದಿರಲಿ ಎಂದು ಎರಡೂ ಪಕ್ಕಕ್ಕೆ ಗಾಳಿ ತುಂಬಿದ ತೇಲುಬುರುಡೆ.

ಪಟ್ಟಿಯ ಪರೀಕ್ಷೆಗೆ ತಾವೇ ಕೂತರು. ಸೊಂಟಮಟ್ಟದ ನೀರಿನಲ್ಲಿ ಇಬ್ಬರು ಅಂಬಿಗರು ದೋಣಿಯನ್ನು ಮಗುಚಿದರು. ಹೊಲಿಗೆಯಮ್ಮ ದಡದಲ್ಲಿ ನಿಂತು ನೋಡಿದಳು. ಮೇಷ್ಟ್ರು ಬುಸ್ಸೆಂದು ಮೇಲೆದ್ದು, ಮೂಗು ಹಿಂಡಿ, “ಮೂರು ಎಣಿಸೋದ್ರೊಳಗೆ ಬಿಚ್ಚಿತು. ಎರಡಕ್ಕೆ ಬಿಚ್ಚಬೇಕು. ಇನ್ನೊಂದು ಸಲ,” ಎಂದರು. ಹೀಗೆ ಒಂಬತ್ತು ಸಲ. ಆ ಕಥೆ ಕೇಳಿ ಸೊಸೆ, “ಎಮ್ಮೆಗೂ ಇಷ್ಟು ಸ್ನಾನ ಇಲ್ಲ ಅತ್ತೆ,” ಎಂದು ನಕ್ಕಳು. ಹೊಲಿಗೆಯಮ್ಮನಿಗೆ ನಗು ಬರಲಿಲ್ಲ. ತನ್ನ ಹೊಲಿಗೆಯ ಮೇಲೆ ಒಂದು ಜೀವ ನಿಂತದ್ದನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು.

ಕಂಡಕ್ಟರ್ ಬಂದದ್ದು ಅದಾದ ಮೇಲೆ. ಇಪ್ಪತ್ತೊಂಬತ್ತರ ಹೆಂಗಸು, ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ತಿರುವಿನಲ್ಲಿ ಬಾಗಿಲಿನಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಹೊಕ್ಕುಳಿನಿಂದ ಕೆಳಗೆ ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ, ಸುಟ್ಟರೂ ಗೊತ್ತಾಗುತ್ತಿರಲಿಲ್ಲ. ಅವಳ ತಾಯಿ ವೀಲ್‌ಚೇರ್ ತಳ್ಳಿಕೊಂಡು ಬಂದರೆ, ಮಗಳು ಮುಂದೆ ಕೂತು ದಾರಿಹೋಕರಿಗೆಲ್ಲ ಜಾಗ ಬಿಡಿ ಎಂದು ಕೂಗುತ್ತಿದ್ದಳು. ಇಳಿಜಾರು ಹಲಗೆಯ ಮೇಲೆ ಹತ್ತಿ ಹೊಲಿಗೆಯಮ್ಮನ ಕೋಣೆಗೆ ಬಂದಾಗ ಅವಳು ಹೇಳಿದ ಮೊದಲ ಮಾತು ಇದು:

“ಹೊಕ್ಕುಳಿಂದ ಮೇಲೆ ಟಿಕೆಟ್ ತಗೊಂಡಿದ್ದೀನಿ ಅಮ್ಮಾ. ಕೆಳಗಿನದು ಟಿಕೆಟ್ ಇಲ್ಲದೆ ಪ್ರಯಾಣ ಮಾಡ್ತಿದೆ.”

ಮೇಷ್ಟ್ರು ಅವಳನ್ನು ಒದ್ದೆ ಮರಳು ತುಂಬಿದ ತಟ್ಟೆಯ ಮೇಲೆ ಕೂರಿಸಿದರು. ಎತ್ತಿದಾಗ ಮರಳಿನಲ್ಲಿ ಎರಡು ಗುಳಿ. ಎಡದ್ದಕ್ಕಿಂತ ಬಲದ್ದು ಆಳ. ಕೂರುವ ಮೂಳೆಗಳು ಊರುವ ಜಾಗ ಅದು, ಭಾರವೆಲ್ಲ ಅಲ್ಲೇ ಇಳಿಯುವುದು. ಬೆಂಕಿಕಡ್ಡಿ ಇಳಿಸಿ ಆಳ ನೋಡಿ, ಅದೇ ಆಕಾರದ ಗುಳಿಗಳನ್ನು ಫೋಮಿನಲ್ಲಿ ಕೊರೆದರು. ಆ ಒಂದು ಸೀಟಿಗೆ ಅವರಿಗೆ ಎಂಟು ತಿಂಗಳು ಹಿಡಿಯಿತು. ಕಂಡಕ್ಟರ್ ವಾರಕ್ಕೊಮ್ಮೆ ಬಂದು, “ಇನ್ನೂ ಡಿಪೋದಲ್ಲೇ ಇದೆಯಾ ನನ್ನ ಬಸ್ಸು?” ಎಂದು ಕೇಳಿಹೋಗುತ್ತಿದ್ದಳು. ಕಡೆಗೆ ಸೀಟು ಹೊದಿಕೆಗೆಂದು ಹೊಲಿಗೆಯಮ್ಮನ ಮೇಜಿಗೆ ಬಂತು.

“ಒಂದೇ ತುಂಡು ಬಟ್ಟೆ ಅಕ್ಕಾ. ಕೂರೋ ಜಾಗದಲ್ಲಿ ಜೋಡಣೆ ಬೇಡ,” ಎಂದು ಹೇಳಿ ಹೋದರು ಮೇಷ್ಟ್ರು.

ಅವಳು ಒಂದೇ ತುಂಡಿನಲ್ಲಿ ಹೊದಿಸಿ ನೋಡಿದಳು. ಬಟ್ಟೆ ಗುಳಿಯೊಳಗೆ ಇಳಿಯಲೊಲ್ಲದು. ಎಳೆದರೆ ಗುಳಿ ಮುಚ್ಚುತ್ತದೆ, ಬಿಟ್ಟರೆ ಮುದುಕಿಯ ಕೆನ್ನೆಯಂತೆ ಸುಕ್ಕು. ಎರಡು ದಿನ ಒದ್ದಾಡಿದಳು. ಸುಕ್ಕು ಕಂಡರೆ ಅವಳಿಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತೆ. ಸುಕ್ಕು ಒತ್ತುವುದಿಲ್ಲವೇ, ಒತ್ತಿದರೆ ಕೆಟ್ಟದ್ದಲ್ಲವೇ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು. ಕಡೆಗೆ ಗುಳಿಗೆ ಸರಿಯಾಗಿ ಎರಡು ದುಂಡನೆಯ ತುಂಡು ಕತ್ತರಿಸಿ, ಸುತ್ತ ಹುರಿ ಸೇರಿಸಿ ಅಂಚುಕಟ್ಟಿ ಜೋಡಿಸಿದಳು. ಗಂಡ ಸಿನಿಮಾ ಮಂದಿರದ ಬಾಲ್ಕನಿ ಕುರ್ಚಿಗೆ ಕಟ್ಟುತ್ತಿದ್ದ ಉಬ್ಬಿದ ಅಂಚು ಅದು. ಸೀಟು ಅಂಗಡಿಯ ಗಾಜಿನಲ್ಲಿಡುವಂತೆ ಕಂಡಿತು.

ಮೇಷ್ಟ್ರು ಬಂದು ನೋಡಿ ಹುಬ್ಬು ಗಂಟಿಕ್ಕಿದರು. “ಒಂದೇ ತುಂಡು ಅಂದಿದ್ದೆ.”

“ಸುಕ್ಕು ಬೀಳ್ತಿತ್ತು ಮೇಷ್ಟ್ರೇ. ಕೂತು ನೋಡಿ, ಆಮೇಲೆ ಮಾತಾಡಿ.”

ಅವರು ಕಾಲು ಗಂಟೆ ಕೂತರು. ಟೀ ಕುಡಿದರು. ಎದ್ದು, “ಸಿಂಹಾಸನ ಅಕ್ಕಾ,” ಎಂದರು. ಹೊಲಿಗೆಯಮ್ಮ ಹಿಗ್ಗಿದಳು.

ಮಾರನೆಯ ಬೆಳಿಗ್ಗೆ ಕಂಡಕ್ಟರ್ ನೀರಿಗಿಳಿದಳು. ಮೊದಲು ಹುಟ್ಟುಗಳು ಒಂದಕ್ಕೊಂದು ಬಡಿದುಕೊಂಡವು, ದೋಣಿ ಇದ್ದಲ್ಲೇ ಸುತ್ತಿತು. ಆಮೇಲೆ ಏನೋ ಕೂಡಿಬಂತು. ತೋಳು ಚಾಚುವುದು, ಎಳೆಯುವುದು, ನೀರು ಸುಯ್ಯೆನ್ನುವುದು. ನದಿಯ ನಡುವಿನ ಬಾತುಕೋಳಿಗಳಿಗೆ ಅವಳು, “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ!” ಎಂದು ಕೂಗಿದ್ದು ದಡಕ್ಕೆ ಕೇಳಿಸಿತು. ಅವಳ ತಾಯಿ ಖಾಲಿ ವೀಲ್‌ಚೇರಿನ ಹಿಡಿ ಹಿಡಿದುಕೊಂಡೇ ಅತ್ತಳು. ಬಿದ್ದಾಗಿನಿಂದ ಮಗಳನ್ನು ಅಷ್ಟು ದೂರದಿಂದ ನೋಡಿದ್ದೇ ಇಲ್ಲ ಎಂದಳು. ಒಂದೂಕಾಲು ಗಂಟೆ. ಯಾರಿಗೂ ಅವಳನ್ನು ಕರೆಯುವ ಮನಸ್ಸಾಗಲಿಲ್ಲ.

ಮೂರನೆಯ ದಿನ ಮೈ ತೊಳೆಸುವಾಗ ತಾಯಿಗೆ ಕಂಡಿತು. ಬಲಗಡೆ ಅರ್ಧಚಂದ್ರದ ಹಾಗೆ ಒಂದು ಗೆರೆ. ಕೆಂಪಗಿತ್ತು. ಮಾರನೆಯ ದಿನ ನೀಲಿಯಾಯಿತು. ವಾರ ಕಳೆಯುವುದರೊಳಗೆ ಒಡೆದು ಬಾಯಿಬಿಟ್ಟಿತು. ಆಸ್ಪತ್ರೆಗೆ ಸೇರಿಸಿದರು. ರಕ್ತ ಓಡದೆ ಒಳಗಿನ ಮಾಂಸ ಸತ್ತಿದೆ, ಕೂರುವ ಹಾಗಿಲ್ಲ, ಬೆನ್ನ ಮೇಲೆ ಮಲಗುವ ಹಾಗಿಲ್ಲ, ತಿಂಗಳುಗಟ್ಟಲೆ ಬೋರಲಾಗಿಯೇ ಇರಬೇಕು ಎಂದರು ಡಾಕ್ಟರು.

ಶೆಡ್ಡಿಗೆ ಬಂದು ಆ ತಾಯಿ, “ಅರ್ಧಚಂದ್ರದ ಹಾಗೆ” ಎಂದು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದಳು. ಆ ಗೆರೆಯನ್ನು ಹೊಲಿಗೆಯಮ್ಮ ಬಲ್ಲಳು. ಅವಳೇ ಸೀಮೆಸುಣ್ಣದಲ್ಲಿ ಬರೆದು, ಕತ್ತರಿಸಿ, ಹುರಿ ಇಟ್ಟು ಹೊಲಿದದ್ದು.

ಕ್ಲಬ್ಬಿನ ಕಾರ್ಯದರ್ಶಿ ಅಲ್ಲೇ ಇದ್ದರು. “ಸಾಕು ಮೇಷ್ಟ್ರೇ. ಒಳ್ಳೇದು ಮಾಡೋಕೆ ಹೋಗಿ ನೋಡಿ ಏನಾಯ್ತು. ಈ ಉಸಾಬರಿ ನಮಗೆ ಬೇಡ. ಯಾರ ತಪ್ಪಿದು?”

ಮೇಷ್ಟ್ರು ಕೊರಳಿನ ಟೇಪು ತೆಗೆದು ಕೈಗೆ ಸುತ್ತಿಕೊಂಡರು. “ಕೂತು ನೋಡಿ ಸರಿ ಅಂದವನು ನಾನು. ತಪ್ಪು ನಂದೇ.”

ಹೊಲಿಗೆಯಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಮಾತು ನಾಲಿಗೆಯ ತುದಿಗೆ ಬಂದು ಗಂಟಲಿಗೆ ವಾಪಸಾಯಿತು. ಮನೆಗೆ ಬಂದವಳು ಯಂತ್ರದ ಮೇಲೆ ಹಳೆಯ ಚಾದರ ಹೊದಿಸಿದಳು. ಗಿರಾಕಿಗಳು ಬಂದರೆ ಕಣ್ಣು ಮಂಜಾಗಿದೆ ಎಂದು ಕಳಿಸಿದಳು.

ಮೂರು ವಾರ ಬಿಟ್ಟು ಮೇಷ್ಟ್ರು ಬಂದರು. ಯಂತ್ರದ ಮೇಲಿನ ಚಾದರವನ್ನು ನೋಡಿದರು. ಮೇಜಿನ ಪಕ್ಕದ ಮರದ ಸ್ಟೂಲಿನ ಮೇಲೆ ಕೂತು ಹೇಳಿದರು:

“ಶೆಡ್ಡಿನ ಕಾವಲುಗಾರನನ್ನ ಎದುರಿಗೆ ಕೂರಿಸ್ಕೊಂಡೆ ಅಕ್ಕಾ. ಕಾಲು ಗಂಟೆ ಬೆಂಚಿನ ಮೇಲೆ ಕೂತಿರ್ತೀನಿ, ಎಷ್ಟು ಸಲ ಅಲುಗಾಡ್ತೀನಿ ಎಣಿಸು ಅಂದೆ. ಹನ್ನೊಂದು ಸಲ ಅಂದ. ನಾನು ಒಂದು ಸಲವೂ ಅಲುಗಾಡಿಲ್ಲ ಅಂತ ಅವನ ಹತ್ರ ಜಗಳ ಆಡಿದೆ. ಒತ್ತಿದ ಕಡೆ ಮೈ ತಾನೇ ಜರುಗಿಬಿಡುತ್ತೆ, ನಮ್ಮನ್ನ ಕೇಳಲ್ಲ. ಅವಳು ಒಂದೂಕಾಲು ಗಂಟೆ ಒಂದೇ ಜಾಗದಲ್ಲಿ ಕೂತಿದ್ಲು. ಕೂತು ನೋಡೋಕೆ ನನಗಿಂತ ಅಯೋಗ್ಯ ಯಾರೂ ಇರಲಿಲ್ಲ.”

“ಹುರಿ ಇಟ್ಟಿದ್ದು ನಾನು ಮೇಷ್ಟ್ರೇ. ನೀವು ಬೇಡ ಅಂದಿದ್ರಿ.”

“ಅಂದಿದ್ದೆ.” ಅವರು ಅದನ್ನು ಸಿಹಿಮಾಡಿ ಹೇಳಲಿಲ್ಲ. “ಹತ್ತು ವರ್ಷದ ಹಿಂದೆ ಒಬ್ಬ ಬಂದಿದ್ದ ಶೆಡ್ಡಿಗೆ. ಊರುಗೋಲು, ಒಂದು ಕಾಲಿಲ್ಲ. ದೋಣಿ ಸವರಿ ನೋಡ್ತಾ, ‘ನಾನೆಲ್ಲಿ ಕೂರಬಹುದು?’ ಅಂದ. ನಾನು ಕೈಯಲ್ಲಿ ಉಳಿ ಹಿಡ್ಕೊಂಡು, ತಲೆ ಎತ್ತದೆ, ‘ಇದಕ್ಕೆ ಎರಡು ಕಾಲು ಬೇಕಪ್ಪ’ ಅಂದೆ. ತಲೆ ಎತ್ತಿದಾಗ ಅವನಿರಲಿಲ್ಲ. ಎಲ್ಲಾ ಕಡೆ ಹುಡುಕಿದೆ, ಸಿಗಲಿಲ್ಲ. ಅವನಿಗೆ ಅಂತಲೇ ಮೊದಲ ಸೀಟು ಮಾಡಿದ್ದು. ಅದರಲ್ಲಿ ಇವತ್ತಿಗೂ ಯಾರೂ ಕೂತಿಲ್ಲ.” ಅವರು ಎದ್ದರು. “ಕಂಡಕ್ಟರ್ ಇನ್ನೂ ಸಿಗೋ ಜಾಗದಲ್ಲಿ ಇದ್ದಾಳೆ ಅಕ್ಕಾ. ನಿಮ್ಮಿಷ್ಟ.”

ಮಾರನೆಯ ದಿನ ಹೊಲಿಗೆಯಮ್ಮ ಆಸ್ಪತ್ರೆಗೆ ಹೋದಳು. ಕಂಡಕ್ಟರ್ ಬೋರಲಾಗಿ ಮಲಗಿದ್ದಳು. ಹಣೆಯ ಕೆಳಗೆ ಸುತ್ತಿದ ಬಟ್ಟೆ, ಮುಖ ಮಂಚದ ಅಂಚಿನಿಂದ ನೆಲದ ಕಡೆಗೆ. ಅವಳಿಗೆ ಕಾಣುತ್ತಿದ್ದುದು ನಾಲ್ಕು ಚದರ ಅಡಿ ನೆಲ, ಬಂದವರ ಪಾದ, ಅಷ್ಟೇ.

“ಯಾರು? ಈ ಚಪ್ಪಲಿ ಪರಿಚಯ ಇಲ್ಲ.”

“ನಾನಮ್ಮಾ, ಹೊಲಿಯೋಳು.” ನಿಂತೇ ಹೇಳಿಬಿಟ್ಟಳು. ಮೇಷ್ಟ್ರು ಬೇಡ ಅಂದದ್ದು, ಸುಕ್ಕು ಬಿದ್ದದ್ದು, ತಾನು ಕತ್ತರಿಸಿದ್ದು, ಹುರಿ ಇಟ್ಟದ್ದು, ಆಮೇಲೆ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು.

ಕಂಡಕ್ಟರ್ ಹೇಳಿದಳು, “ನಾನು ಇಷ್ಟು ದಿನ ಆ ಮನುಷ್ಯನನ್ನ ಬಾಯಿಗೆ ಬಂದಹಾಗೆ ಬೈದಿದ್ದೀನಿ. ಆ ಕುರ್ಚಿ ಮೇಲೆ ಕೂತು ಬೈಸ್ಕೊಂಡ್ರು. ಒಂದು ಮಾತು ಹೇಳಲಿಲ್ಲ.” ಅವಳ ದನಿ ನೆಲಕ್ಕೆ ಬಡಿದು ಬರುತ್ತಿತ್ತು. “ನೀವು ಹೋಗಿ ಅಮ್ಮಾ. ಇವತ್ತು ಹೋಗಿ.”

ಹೊಲಿಗೆಯಮ್ಮ ಹೋದಳು. ಮಾರನೆಯ ದಿನ ಮತ್ತೆ ಬಂದಳು. ಮಾತಿಲ್ಲ, ಕಥೆಯಿಲ್ಲ, ಸ್ಟೂಲಿನ ಮೇಲೆ ಕೂತು, ತಾಯಿಗೆ ಊಟಕ್ಕೆ ಹೋಗಿಬರಲು ಬಿಡುವು ಕೊಟ್ಟು, ಎದ್ದು ಬರುವುದು. ಆರನೆಯ ದಿನ ಮಂಚದ ಮೇಲಿನಿಂದ ದನಿ ಬಂತು.

“ಆ ಚಪ್ಪಲಿ ಪಟ್ಟಿ ನಾಲ್ಕು ದಿನದಿಂದ ಕಿತ್ತಿದೆ. ಊರಿಗೆಲ್ಲ ಹೊಲಿಯೋಳಿಗೆ ತನ್ನ ಚಪ್ಪಲಿ ಕಾಣಲ್ವಾ?”

“ಕಾಣಲ್ಲಮ್ಮಾ. ಬಗ್ಗಿ ನೋಡಿದ್ರೆ ಸೊಂಟ ಹಿಡಿಯುತ್ತೆ.”

“ನನಗೆ ಬೇರೇನೂ ಕಾಣಲ್ಲ. ನಾಳೆ ಹೊಲ್ಕೊಂಡು ಬನ್ನಿ, ಇಲ್ಲಾಂದ್ರೆ ಬರಿಗಾಲಲ್ಲಿ ಬನ್ನಿ.” ಹಾಗೇ ಮುಂದುವರಿಸಿದಳು, “ನಾನು ಮತ್ತೆ ಆ ದೋಣೀಲಿ ಕೂರ್ತೀನಿ. ಹೊಲಿಯೋರು ನೀವೇ. ಈ ಪಾಠ ಕಲಿಯೋಕೆ ನನ್ನ ಚರ್ಮ ಖರ್ಚಾಗಿದೆ. ಇನ್ನೊಬ್ಬರಿಗೆ ಮೊದಲಿಂದ ಕಲಿಸೋಕೆ ನನ್ನ ಹತ್ರ ಇನ್ನೊಂದು ಮೈ ಇಲ್ಲ.”

ಹೊಲಿಗೆಯಮ್ಮ ಮನೆಗೆ ಬಂದು ಯಂತ್ರದ ಚಾದರ ತೆಗೆದಳು.

ಕಂಡಕ್ಟರಿನ ಎರಡನೆಯ ಸೀಟಿನ ಕೆಲಸ ಮೊದಲಿನಂತಿರಲಿಲ್ಲ. ಹೊದಿಕೆಗೆ ಈಜುಡುಗೆಯ ಬಟ್ಟೆ ತಂದಳು. ನಾಲ್ಕೂ ಕಡೆ ಹಿಗ್ಗುವಂಥದ್ದು, ಗುಳಿಯೊಳಗೆ ತಾನೇ ಇಳಿಯುವಂಥದ್ದು. ಜೋಡಣೆಯೆಲ್ಲ ಹಲಗೆಯ ಅಡಿಗೆ. ಕಣ್ಣು ಮುಚ್ಚಿ ಕೈಯ ಹಿಂಬದಿಯಿಂದ ಸವರುವಳು. ಅಂಗೈ ಕೆಲಸ ಮಾಡಿ ಮಾಡಿ ದಪ್ಪವಾಗಿದೆ, ಅದನ್ನು ನಂಬುವ ಹಾಗಿಲ್ಲ. ಒಂದು ಎಳೆ ಕೈಗೆ ತಗಲಿದರೂ ಬಿಚ್ಚುವಳು. ಹೊದಿಕೆ ಹೊಲಿದದ್ದು ಹನ್ನೆರಡು, ಉಳಿದದ್ದು ಒಂದು.

ಮೇಷ್ಟ್ರು ತಾವು ಕೂತು ನೋಡುವುದನ್ನು ಬಿಟ್ಟೇಬಿಟ್ಟರು. ಕಂಡಕ್ಟರಿನ ತೂಕದಷ್ಟೇ ಮರಳು ತುಂಬಿ, ಒಳಗೆ ಮೂಳೆಗೆ ಬದಲು ಎರಡು ದುಂಡು ಮರದ ತುಂಡು ಇಟ್ಟು ಒಂದು ಮೂಟೆ ಮಾಡಿದರು. ಸೀಟಿನ ಮೇಲೆ ತೆಳ್ಳಗೆ ಜೇಡಿಮಣ್ಣಿನ ಹಾಳೆ ಹಾಸಿ, ಅದರ ಮೇಲೆ ಮೂಟೆ ಕೂರಿಸಿ ಗಂಟೆಗಟ್ಟಲೆ ಬಿಡುವರು. ಎತ್ತಿದಾಗ ಮಣ್ಣಿನಲ್ಲಿ ಗೆರೆ ಕಂಡರೆ ಕೆಲಸ ಮತ್ತೆ ಮೊದಲಿನಿಂದ. ಆ ಮೂಟೆಗೆ ಸೊಸೆ ‘ಅಳಿಯ’ ಎಂದು ಹೆಸರಿಟ್ಟಳು. ಕೂತರೆ ಏಳುವುದಿಲ್ಲ, ಅಲುಗಾಡುವುದಿಲ್ಲ, ತಿಂದದ್ದಕ್ಕೆ ಲೆಕ್ಕವೂ ಇಲ್ಲ. “ಅಳಿಯಂದಿರು ಎದ್ರಾ?” ಎಂದು ಕೇಳದೆ ಆ ದಿನಗಳಲ್ಲಿ ಯಾರೂ ಕೋಣೆಗೆ ಬರುತ್ತಿರಲಿಲ್ಲ.

ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಹೊಸ ಚರ್ಮ ತೆಳ್ಳಗೆ, ಹಾಲಿನ ಕೆನೆಯ ಹಾಗಿತ್ತು. ಇನ್ನೊಮ್ಮೆ ಒಡೆದರೆ ಕೂರುವ ಆಸೆಯನ್ನೇ ಬಿಡಬೇಕು ಎಂದರು ಡಾಕ್ಟರು, ದೋಣಿಯಲ್ಲಿ ಮಾತ್ರವಲ್ಲ, ವೀಲ್‌ಚೇರಿನಲ್ಲೂ. ಕಾರ್ಯದರ್ಶಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅವಳು ನೀರಿಗಿಳಿದಾಗಲೆಲ್ಲ ಮೇಷ್ಟ್ರು ದಡದಲ್ಲಿ ನಿಂತಿರಬೇಕು.

ಅವರು ನಿಂತರು. ಕೈಯಲ್ಲಿ ಗಡಿಯಾರ. ಇಪ್ಪತ್ತು ನಿಮಿಷ ಆಯಿತೋ ಇಲ್ಲವೋ, ಬಾಯಿಗೆ ಎರಡೂ ಕೈ ಹಿಡಿದು ಕೂಗು. ಅವಳು ದಡಕ್ಕೆ ಬರಬೇಕು, ಪರದೆಯ ಹಿಂದೆ ತಾಯಿ ನೋಡಬೇಕು, ಕೆಂಪಾಗಿದ್ದ ಕಡೆ ಬೆರಳಿನಿಂದ ಒತ್ತಬೇಕು. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ, ಸರಿ. ಆಮೇಲೆ ಅರ್ಧ ಗಂಟೆ ಮಲಗಿ, ಮತ್ತೆ ಇಪ್ಪತ್ತು ನಿಮಿಷ.

ಕಂಡಕ್ಟರ್ ಬೈಯುವುದರಲ್ಲಿ ಎತ್ತಿದ ಕೈ. “ಈಗ ತಾನೇ ಕೈ ಕೂಡಿತ್ತು ಮೇಷ್ಟ್ರೇ! ನಿಮ್ಮ ಗಡಿಯಾರಕ್ಕೆ ಬೆಂಕಿ ಬೀಳ! ನಿಮಗೇನು, ದಡದಲ್ಲಿ ನಿಂತ್ಕೊಂಡು ಕೊಕ್ಕರೆ ಹಾಗೆ!”

“ಕೊಕ್ಕರೆಗೆ ಕಿವಿ ಕೇಳಲ್ಲ. ಬಾ ದಡಕ್ಕೆ.”

ಹೀಗೆ ಒಂದೂವರೆ ವರ್ಷ. ಅಷ್ಟರಲ್ಲಿ ಮೇಷ್ಟ್ರಿಗೆ ಕೆಮ್ಮು ಅಂಟಿಕೊಂಡಿತ್ತು. ಇಡೀ ಆಯುಷ್ಯ ಎಳೆದುಕೊಂಡ ಮರದ ಧೂಳು, ವಾರ್ನಿಷಿನ ಗಾಳಿ ಎಂದರು ಡಾಕ್ಟರು. ಒಂದು ಬೆಳಿಗ್ಗೆ ಅವರು ಆಸ್ಪತ್ರೆಗೆ ಹೋಗಬೇಕಾಗಿ ಬಂದು, ಗಡಿಯಾರವನ್ನು ಹೊಲಿಗೆಯಮ್ಮನ ಕೈಗೆ ಕೊಟ್ಟು ಹೋದರು.

ಇಪ್ಪತ್ತು ನಿಮಿಷಕ್ಕೆ ಅವಳು ಕೂಗಿದಳು. ಕಂಡಕ್ಟರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಾಗುತ್ತಿತ್ತು. ದೋಣಿಯನ್ನು ಹತ್ತಿರಕ್ಕೆ ತಂದು, ಮುಖವೆತ್ತಿ, “ಅಮ್ಮಾ, ಒಂದೇ ಒಂದು ಸಲ. ಸೇತುವೆ ತನಕ ಹೋಗಿ ಬರ್ತೀನಿ. ಅದರ ನೆರಳಲ್ಲಿ ಒಂದು ಸಲ ಹಾದುಹೋಗಬೇಕು,” ಎಂದಳು.

ಬೇಡ ಎನ್ನಲು ಹೊಲಿಗೆಯಮ್ಮ ಬಾಯಿ ತೆರೆದಳು. ಐದು ತಿಂಗಳು ನೆಲ ನೋಡಿಕೊಂಡು ಮಲಗಿದ್ದ ಆ ತಲೆ ಕಣ್ಣಿಗೆ ಕಟ್ಟಿತು. ಆ ತಲೆಯನ್ನು ಅಲ್ಲಿ ಮಲಗಿಸಿದವಳು ತಾನು. “ಬೇಗ ಬಾ,” ಎಂದಳು.

ನಲವತ್ತು ನಿಮಿಷವಾಯಿತು. ಪರದೆಯ ಹಿಂದಿನಿಂದ ತಾಯಿ ಹೊರಗೆ ಬರಲು ತಡವಾಯಿತು. ಕೆಂಪು ಒತ್ತಿದರೂ ಬೆಳ್ಳಗಾಗುತ್ತಿರಲಿಲ್ಲ. ಆವತ್ತೆಲ್ಲ ಆಗಲಿಲ್ಲ. ಮಾರನೆಯ ಸಂಜೆಗೆ, ತಾಯಿ ಬೆರಳೆತ್ತಿದಾಗ, ಚೂರು ಬೆಳ್ಳಗೆ ಕಂಡಿತು. ಅಷ್ಟು ಹೊತ್ತೂ ಹೊಲಿಗೆಯಮ್ಮ ಅವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ನೀರೂ ಮುಟ್ಟಿರಲಿಲ್ಲ. ಮೇಷ್ಟ್ರಿಗೆ ಸುದ್ದಿ ಮುಟ್ಟಿತು. ಬೈಯುತ್ತಾರೆ ಎಂದು ಕಾದಳು. ಅವರು ಬೈಯಲಿಲ್ಲ. ಎದ್ದು ಬಂದು, ಒಂದು ಕುರ್ಚಿ ಹಾಕಿಸಿಕೊಂಡು, ಕೆಮ್ಮುತ್ತಲೇ ಮತ್ತೆ ದಡದಲ್ಲಿ ಕೂತರು.

ಮುಂದಿನ ಬೇಸಿಗೆಗೆ ಅವರಿಗೆ ಏಳಲಾಗಲಿಲ್ಲ. ಶೆಡ್ಡಿನ ಹಿಂದಿನ ಅವರ ಕೋಣೆಯಲ್ಲಿ ಒಂದು ಮಂಚ, ಒಂದು ಕಿಟಕಿ. ಕಿಟಕಿಯಿಂದ ನದಿಯ ಒಂದು ತುಂಡು ಕಾಣುತ್ತಿತ್ತು. ಕಂಡಕ್ಟರ್ ಅಲ್ಲಿಗೆ ಬಂದಾಗಲೆಲ್ಲ ಜಗಳ ತೆಗೆಯುವಳು, ಅವರನ್ನು ನಗಿಸುವಳು, ಹೊರಗೆ ಬಂದು ವೀಲ್‌ಚೇರಿನಲ್ಲಿ ತಲೆ ತಗ್ಗಿಸಿ ಕೂರುವಳು. ದಡದಲ್ಲಿ ನಿಲ್ಲುವವರಿಲ್ಲ ಎಂದು ದೋಣಿ ಆರು ವಾರದಿಂದ ಗೋಡೆಯ ಮೇಲೇ ಇತ್ತು.

ಕಡೆಯ ಸಲ ಹೊಲಿಗೆಯಮ್ಮ ಹೋದದ್ದು ಒಂದು ಮಧ್ಯಾಹ್ನ. ಮೇಷ್ಟ್ರ ಮೈ ಹಲಗೆಯಷ್ಟು ತೆಳ್ಳಗಾಗಿತ್ತು. ಎರಡು ಮಾತಿಗೊಮ್ಮೆ ಉಸಿರಿಗೆ ಕಾಯಬೇಕು.

“ಕಾರ್ಯದರ್ಶಿಗೆ ಹೇಳಿದ್ದೀನಿ,” ಎಂದರು. “ನನ್ನ ಬದಲು ನೀವು ನಿಲ್ತೀರಿ ಅಂತ.”

“ಅಯ್ಯೋ, ನನ್ನ ಕೈಲಾಗಲ್ಲ ಮೇಷ್ಟ್ರೇ. ಕಂಡಿದ್ದೀರಲ್ಲ ಏನು ಮಾಡಿದೆ ಅಂತ. ಕಾವಲುಗಾರನನ್ನ ನಿಲ್ಲಿಸಿ. ಅವಳ ತಾಯಿನ ನಿಲ್ಲಿಸಿ. ಅವಳಿಗೆ ಬೇಡ ಅನ್ನೋಕೆ ನನಗೆ ಯಾವ ಮುಖ ಇದೆ?”

“ಕಾವಲುಗಾರನಿಗೆ ಗಡಿಯಾರ ಗೊತ್ತು. ತಾಯಿಗೆ ಮಗಳು ಗೊತ್ತು.” ಅವರು ಕೆಮ್ಮಿ, ಸುಧಾರಿಸಿಕೊಂಡರು. “ಆ ಹೊದಿಕೆ ಮೈಗೆ ಏನು ಮಾಡಬಲ್ಲದು ಅಂತ ನಿಮ್ಮೊಬ್ಬರಿಗೇ ಗೊತ್ತು.”

ಹೊಲಿಗೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವಳು ಮತ್ತೆ ಹಾಗೇ ಕೇಳಿದ್ರೆ?”

“ಕೇಳ್ತಾಳೆ. ಸೇತುವೆ ಅಂತಾಳೆ, ನೆರಳು ಅಂತಾಳೆ. ನೀವು ದಡಕ್ಕೆ ಬಾ ಅನ್ನಿ. ಆಮೇಲೆ ಬೈತಾಳೆ, ಕಿವಿಯಲ್ಲಿ ಕೇಳೋಕಾಗದ ಹಾಗೆ ಬೈತಾಳೆ.” ಉಸಿರಿಗಾಗಿ ಕಾದರು. ಕೈ ಹಾಸಿಗೆಯ ಮೇಲೆ ಅವಳ ಕಡೆಗೆ ಸ್ವಲ್ಪ ಜರುಗಿತು. “ಬೈಸ್ಕೊಳ್ಳಿ ಅಕ್ಕಾ.”